ಅಮ್ಮನ ಎಡಗೈ

ನಾನು ಬೆಳೆದ ಮನೆಯಲ್ಲಿ ಹಸಿವಿಗೂ ಒಂದು ಸರದಿಯಿತ್ತು. ಮೊದಲು ಸ್ನಾನ, ಆಮೇಲೆ ಹಣೆಗೆ ವಿಭೂತಿ, ಆಮೇಲೆ ಎಡಗೈಯ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ, ಲಿಂಗದ ಮೇಲೆ ಎರೆದ ನೀರಿನದೊಂದು ಗುಟುಕು, ಅದನ್ನು ತಿರುಗಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಮೇಲೆ ಬಾಯಿಗೆ ಏನಾದರೂ. ಮದರಾಸಿನ ತ್ರಿಪ್ಲಿಕೇನಿನ ಒಂದು ಸಂದಿಯಲ್ಲಿದ್ದ ಆ ಮನೆಯ ಮುಂಭಾಗದಲ್ಲಿ ನಮ್ಮ ಖಾನಾವಳಿ, ಹಿಂಭಾಗದಲ್ಲಿ ನಾವು. ನಡುವೆ ಅಡಿಗೆಮನೆ. ಅದರ ಹಿಂದೆ ದೇವರು, ಹಾಸಿಗೆ, ಟ್ರಂಕು, ನನ್ನ ಶಾಲೆಯ ಚೀಲ ಎಲ್ಲವೂ ಒಂದರ ಮೈಮೇಲೊಂದು ಬಿದ್ದುಕೊಂಡಿದ್ದ ಒಂದೇ ಕೋಣೆ. ಬೀದಿಯವರು ‘ರೊಟ್ಟಿ ಮೆಸ್’ ಅನ್ನುತ್ತಿದ್ದರು. ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕಣ್ಣಿಗೆ, ಹೃದಯಕ್ಕೆ, ಕಿಡ್ನಿಗೆ ಎಂದು ಇಲ್ಲಿನ ಆಸ್ಪತ್ರೆಗಳಿಗೆ ಬಂದವರು ಸುತ್ತಲಿನ ಲಾಡ್ಜುಗಳಲ್ಲಿ ಇಳಿಯುತ್ತಿದ್ದರು. ಮೂರು ಹೊತ್ತೂ ಇಡ್ಲಿ, ಸಾಂಬಾರು ತಿಂದು ನಾಲಿಗೆ ಕೆಟ್ಟಮೇಲೆ ಯಾರನ್ನೋ ಕೇಳಿಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿದೊಡನೆ ಅವರ ಮುಖ ಸಡಿಲಾಗುತ್ತಿತ್ತು. ಆ ಸಪ್ಪಳ ನಮ್ಮಮ್ಮನದು.

ನಾನು ಅವಳನ್ನು ಅಮ್ಮ ಅನ್ನುತ್ತಿದ್ದೆ. ನಮ್ಮ ಕಡೆ ಅವ್ವ ಅನ್ನಬೇಕು, ಆದರೆ ತಮಿಳು ಶಾಲೆಗೆ ಹೋದ ನಾಲಿಗೆ. ಅಪ್ಪನ ತಾಯಿಯನ್ನು, ಅಂದರೆ ಆಯಿಯನ್ನು, ಇದೊಂದು ವಿಷಯ ಕೊನೆಯವರೆಗೂ ಚುಚ್ಚುತ್ತಿತ್ತು. ಅವಳು ಕನ್ನಡದಲ್ಲಿ ಕೇಳಿದರೆ ನಾನು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. ಅವಳು ‘ಅರವರ ಕೂಸು’ ಎಂದು ತಲೆಗೆ ಮೊಟಕುತ್ತಿದ್ದಳು. ಆಯಿ ಗಿಡ್ಡ ದೇಹದ, ದೊಡ್ಡ ಕಂಠದ ಹೆಂಗಸು. ಮದರಾಸಿಗೆ ಬಂದು ಅರ್ಧ ಆಯುಷ್ಯ ಕಳೆದಿದ್ದರೂ ಸಮುದ್ರ ನೋಡಲು ಹೋದವಳಲ್ಲ. ‘ಉಪ್ಪಿನ ನೀರು ಏನ್ ನೋಡೂದು, ನಾಳಿಗೆ ಬರತೈತಿ, ನಾಡಿದ್ದಿಗೆ ಹೋಗತೈತಿ’ ಅನ್ನುತ್ತಿದ್ದಳು. ಅಪ್ಪ ಹಣದ ಗಲ್ಲೆಯ ಹಿಂದೆ ಕೂತು ಎಲ್ಲರಿಗೂ ಹೌದು ಅನ್ನುವ ಮನುಷ್ಯ. ತಾಯಿಗೂ ಹೌದು, ಹೆಂಡತಿಗೂ ಹೌದು, ಗಿರಾಕಿಗಂತೂ ಎರಡು ಸಲ ಹೌದು. ಇಂಥ ಮನೆಯಲ್ಲಿ ಮಾತನಾಡದೆ ಕೆಲಸ ನಡೆಸುತ್ತಿದ್ದವಳು ಅಮ್ಮ ಒಬ್ಬಳೇ. ಅವಳ ಎರಡು ಅಂಗೈಗಳ ನಡುವೆ ಹಿಟ್ಟಿನ ಮುದ್ದೆ ತಿರುಗುತ್ತ ತಿರುಗುತ್ತ ತೆಳ್ಳಗೆ ಹರಡಿಕೊಳ್ಳುವುದನ್ನು ನೋಡುತ್ತ ನಾನು ಮಗ್ಗಿ ಬಾಯಿಪಾಠ ಮಾಡಿದ್ದೇನೆ. ಜೋರಾಗಿ ಬಡಿದರೆ ಹರಿಯುತ್ತದೆ, ಮೆತ್ತಗೆ ಬಡಿದರೆ ದಪ್ಪಗಾಗುತ್ತದೆ. ಎಷ್ಟು ಜೋರು ಎಂದು ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ, ಕೈಗೆ ಗೊತ್ತು ಅನ್ನುತ್ತಿದ್ದಳು.

ಒಂದು ಮುಂಜಾನೆ ರೊಟ್ಟಿಯ ಸಪ್ಪಳ ನಡುವೆಯೇ ನಿಂತಿತು. ನಾನು ಹೋಗಿ ನೋಡಿದಾಗ ಅಮ್ಮ ಒಲೆಯ ಮುಂದೆ ಒಂದು ಮಗ್ಗುಲಿಗೆ ವಾಲಿಕೊಂಡು, ತನ್ನ ಎಡಗೈಯನ್ನು ಯಾರದೋ ಕೈಯನ್ನು ನೋಡುವಂತೆ ನೋಡುತ್ತಿದ್ದಳು. ಲಕ್ವಾ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮಾತು ಸರಿಯಿತ್ತು, ತುಸು ತೊದಲುತ್ತಿತ್ತು ಅಷ್ಟೇ. ಎಡಗಾಲು ಎಳೆದುಕೊಂಡು ನಡೆಯುತ್ತಿದ್ದಳು. ಎಡಗೈ ಮಾತ್ರ ಒದ್ದೆ ಬಟ್ಟೆಯಂತೆ ತೂಗುತ್ತಿತ್ತು. ರೊಟ್ಟಿ ಬಡಿಯಲು ಸಂಬಳದ ಹೆಂಗಸೊಬ್ಬಳು ಬಂದಳು. ಡಾಕ್ಟರು ಅಪ್ಪನನ್ನು ಕರೆದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದರು: ಮುಂಜಾನೆ ಹೊತ್ತಿಗೆ ಸರಿಯಾಗಿ ಏನಾದರೂ ತಿಂದು ಮಾತ್ರೆ ತೆಗೆದುಕೊಳ್ಳಬೇಕು, ತಪ್ಪಿದರೆ ಇದು ಇನ್ನೊಮ್ಮೆ ಬರಬಹುದು, ಎರಡನೆಯದು ಇಷ್ಟಕ್ಕೆ ಬಿಡುವುದಿಲ್ಲ. ಅಪ್ಪ ಅವರಿಗೂ ಹೌದು ಅಂದ.

ಮನೆಗೆ ಬಂದ ಮರುದಿನವೇ ಅಮ್ಮ ಪೂಜೆಗೆ ಕೂತಳು. ಆಯಿ ಅವಳ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟು, ಲಿಂಗವನ್ನು ವಸ್ತ್ರದಿಂದ ಬಿಚ್ಚಿ ಅಂಗೈಯಲ್ಲಿಟ್ಟಳು. ಅಮ್ಮ ಬಲಗೈಯಿಂದ ನೀರು ಎರೆದಳು. ಅಂಗೈ ಮೆಲ್ಲಗೆ ಹೊರಳಿತು. ಲಿಂಗ ಜಾರಿ ತಾಟಿನೊಳಗೆ ಬಿದ್ದು ಟಣ್ ಎಂದಿತು. ಆ ಸದ್ದಿಗೆ ಮುಂದಿನ ಹಾಲಿನಲ್ಲಿ ಉಣ್ಣುತ್ತಿದ್ದವರೂ ತಲೆಯೆತ್ತಿದರು. ಲಿಂಗ ಬಿದ್ದರೆ ಜೀವ ಬಿದ್ದಂತೆ ಎಂದು ನಂಬಿ ಬಂದವಳು ಆಯಿ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಯಿ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು, ಅಮ್ಮನೂ ಅದೇ ಮೊದಲು ನೋಡಿದ್ದಿರಬೇಕು. ಕೈಗಿಂತ ಅದೇ ಅವಳನ್ನು ಹೆಚ್ಚು ಹೆದರಿಸಿತು ಎಂದು ಈಗ ಅನಿಸುತ್ತದೆ. ಮರುದಿನದಿಂದ ಆಯಿ ತನ್ನ ಹಳೆಯ ಸೀರೆಯದೊಂದು ಪಟ್ಟಿ ಹರಿದು, ಲಿಂಗವನ್ನು ಅಮ್ಮನ ಅಂಗೈಗೆ ಸಡಿಲಾಗಿ ಕಟ್ಟಿ ಪೂಜೆ ಮಾಡಿಸಿದಳು.

ಕೆಲವು ವಾರ ಹೀಗೆ ನಡೆಯಿತು. ಆಮೇಲೆ ಒಂದು ದಿನ ಆಯಿ ಪಟ್ಟಿ ಬಿಚ್ಚಿದರೆ ಲಿಂಗ ಬೀಳಲಿಲ್ಲ. ಅಮ್ಮನ ಬೆರಳುಗಳು ತಾವಾಗಿಯೇ ಮಡಚಿಕೊಂಡು ಅದನ್ನು ಹಿಡಿದಿದ್ದವು.

“ಗಂಗವ್ವಾ, ಹಿಡದೀ ನೋಡು! ನೀನ ಹಿಡದೀ! ಏ, ಬಾರೋ ಇಲ್ಲಿ, ಲಿಂಗಾನ ಹಿಡದಾಳ ನೋಡೋ ನಿನ್ನ ಹೇಣ್ತಿ!”

ಅಪ್ಪ ಗಲ್ಲೆ ಬಿಟ್ಟು ಓಡಿಬಂದ. ಅಮ್ಮ ನಗುತ್ತಿದ್ದಳು. ನಾವೆಲ್ಲರೂ ನಕ್ಕೆವು. ಆ ಸಂತೋಷ ಸುಳ್ಳಲ್ಲ, ಅದನ್ನು ಈಗ ಹೀಗಳೆಯಲಾರೆ. ಆದರೆ ಪೂಜೆ ಮುಗಿಸಿ ಲಿಂಗವನ್ನು ಕೊರಳಿಗೆ ಕಟ್ಟಬೇಕೆಂದಾಗ ಮುಷ್ಟಿ ಬಿಚ್ಚಲಿಲ್ಲ. ಅಮ್ಮ ಬಿಡಲು ನೋಡಿದಳು, ನೋಡಿದಷ್ಟೂ ಅದು ಬಿಗಿಯಾಯಿತು. ನಾನು ಬೆರಳು ಬಿಡಿಸಲು ಹೋದೆ. ಆಯಿ ನನ್ನ ಕೈಮೇಲೆ ಪಟ್ಟೆಂದು ಹೊಡೆದಳು.

“ಲಿಂಗ ಹಿಡಿದ ಕೈ ಜಗ್ಗಬಾರದು. ಅದು ಬಿಟ್ಟಾಗ ಬಿಡತೈತಿ.”

ಅಂದು ಅದು ಬಿಟ್ಟಾಗ ಹೊರಗೆ ಮಧ್ಯಾಹ್ನದ ಪಂಕ್ತಿ ಕೂತಿತ್ತು. ಅಲ್ಲಿಂದ ನಮ್ಮ ಮನೆಯ ದಿನ ಆ ಮುಷ್ಟಿಯ ಮರ್ಜಿಯಲ್ಲಿ ನಡೆಯತೊಡಗಿತು. ಕೈ ಬಿಚ್ಚಿದರೇ ಪೂಜೆ ಮುಗಿಯುವುದು, ಪೂಜೆ ಮುಗಿದರೆ ಊಟ, ಊಟವಾದರೆ ಮಾತ್ರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಡಾಕ್ಟರು ಕೊಟ್ಟದ್ದನ್ನು ಅವಳ ಕೈಯೇ ಕೊಡುತ್ತಿರಲಿಲ್ಲ. ಅಮ್ಮ ಗೋಡೆಗೊರಗಿ ಒಣಗಿದ ತುಟಿಯಲ್ಲಿ ಕಾಯುತ್ತಿದ್ದಳು. ಆಯಿ ತನ್ನ ಪೂಜೆ ಬೆಳಕು ಹರಿಯುವ ಮೊದಲೇ ಮುಗಿಸಿದ್ದರೂ, ಸೊಸೆ ಉಣ್ಣದೆ ತಾನೂ ಉಣ್ಣದೆ, ಅವಳ ಎದುರಿಗೇ ಕೂತಿರುತ್ತಿದ್ದಳು. ಇದನ್ನು ಹೇಳದೆ ಬರೀ ಹಟಮಾರಿ ಮುದುಕಿ ಎಂದು ಬರೆದರೆ ಆಯಿಗೆ ಅನ್ಯಾಯವಾಗುತ್ತದೆ. ಆದರೆ ಅಷ್ಟಕ್ಕೆ ನನ್ನ ಸಿಟ್ಟೇನೂ ಇಳಿಯುವುದಿಲ್ಲ.

“ಅವ್ವಾ, ಆಕಿ ಗುಳಿಗಿ ತಗೋಬೇಕು. ಡಾಕ್ಟರ್ ಹೇಳ್ಯಾರ,” ಎಂದು ಅಪ್ಪ ಬಾಗಿಲಲ್ಲಿ ನಿಂತು ಹೇಳುತ್ತಿದ್ದ.

“ಪೂಜಿ ಮುಗೀಲಿ.”

“ಒಂದು ಬಿಸ್ಕೀಟ್ ಆದ್ರೂ…”

“ಕೈಯಾಗ ಲಿಂಗ ಇಟಗೊಂಡು ಬಾಯಾಗ ಬಿಸ್ಕೀಟಾ? ನಾಯಿ ತಿಂದಂಗ ತಿನ್ನಲೇನು ಆಕಿ?”

ಅಪ್ಪ ಹೌದೆಂಬಂತೆ ತಲೆಯಾಡಿಸಿ ಗಲ್ಲೆಗೆ ಮರಳುತ್ತಿದ್ದ. ಅಮ್ಮನನ್ನು ಯಾರೂ ಕೇಳುತ್ತಿರಲಿಲ್ಲ.

ಅಡಿಗೆಮನೆಯ ಬಾಗಿಲ ಮೂಲಕ ಒಳಕೋಣೆ ಅರ್ಧ ಕಾಣುತ್ತಿತ್ತು. ಉಣ್ಣಲು ಬಂದವರಿಗೆ ಕಂಡದ್ದು ಇಷ್ಟು: ಹಣೆ ತುಂಬ ವಿಭೂತಿ ಧರಿಸಿದ ಹೆಂಗಸು, ಎದೆಯ ಹತ್ತಿರ ಮುಷ್ಟಿಯಲ್ಲಿ ಲಿಂಗ, ಮಾತಿಲ್ಲ, ಅಲುಗಾಟವಿಲ್ಲ, ಅನ್ನ ನೀರಿಲ್ಲ. ಆಸ್ಪತ್ರೆಯ ಬೆಂಚುಗಳ ಮೇಲೆ ದಿನಗಟ್ಟಲೆ ಕೂತು ಬಂದವರು ಅವರು, ದೇವರ ಕಡೆಯಿಂದ ಯಾವ ಸುದ್ದಿ ಬಂದರೂ ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ. ರೊಟ್ಟಿ ಮೆಸ್ಸಿನ ತಾಯಿ ಶಿವಯೋಗದಾಗ ಕೂತಾಳ ಎಂದು ಲಾಡ್ಜಿನಿಂದ ಲಾಡ್ಜಿಗೆ ಸುದ್ದಿ ಹೋಯಿತು. ಮೊದಲು ಹೊಸ್ತಿಲ ಹೊರಗೆ ನಿಂತು ಕೈಮುಗಿದರು. ಆಮೇಲೆ ಒಳಗೆ ಬಂದು ಕಾಲಿಗೆ ಬಿದ್ದರು. ಎಕ್ಸ್‌ರೇ ಚೀಲ, ರಿಪೋರ್ಟಿನ ಫೈಲು ತಂದು ಅಮ್ಮನ ಮುಂದೆ ಇಟ್ಟು ತೆಗೆದುಕೊಂಡು ಹೋದರು. ಆಯಿ ಎಲ್ಲರಿಗೂ ವಿಭೂತಿ ಹಚ್ಚಿದಳು. ಬಿದ್ದ ಲಿಂಗದ ಪಾಪ ತೊಳೆದುಹೋಗಿ, ಅದರ ಮೇಲೆ ಪುಣ್ಯವೂ ಬಂದಿತ್ತಲ್ಲ, ಅವಳ ಕಂಠ ಮತ್ತೆ ದೊಡ್ಡದಾಗಿತ್ತು. ಖಾನಾವಳಿಯಲ್ಲಿ ಜನ ಹೆಚ್ಚಾದರು. ಅಪ್ಪನ ಹೌದುಗಳೂ ಹೆಚ್ಚಾದವು.

ನನಗೆ ಮಾತ್ರ ಅಮ್ಮನ ಕೈಯ ಇನ್ನೊಂದು ಕಥೆ ಗೊತ್ತಿತ್ತು. ಅಪ್ಪನಿಗೆ ಮೆಸ್ ಬಿಟ್ಟು ಬರಲಾಗದು ಎಂದು, ಅವಳನ್ನು ಆಟೋದಲ್ಲಿ ಕೂಡಿಸಿಕೊಂಡು ಫಿಸಿಯೋಥೆರಪಿಗೆ ಕರೆದೊಯ್ಯುತ್ತಿದ್ದವಳು ನಾನು. ಅಲ್ಲಿ ಸೆಲ್ವಿ ಎಂಬ ಎಳೆ ಪ್ರಾಯದ ಫಿಸಿಯೋಥೆರಪಿಸ್ಟ್ ಇದ್ದಳು. ಒಂದು ದಿನ ಅವಳು ಪೇಪರ್ ಕಪ್ಪಿನಲ್ಲಿ ಅರ್ಧ ನೀರು ಹಾಕಿ, ಎಡಗೈಯಿಂದ ಎತ್ತು ಅಂದಳು. ಅಮ್ಮ ಹಿಡಿದಳು. ಕಪ್ಪು ನುಜ್ಜುಗುಜ್ಜಾಗಿ ನೀರು ಮೊಣಕೈವರೆಗೆ ಇಳಿಯಿತು. ಇನ್ನೊಂದು ಕಪ್ಪು ಕೊಟ್ಟಳು. ಈ ಸಲ ಅಮ್ಮ ಹೆದರಿ ಮೆತ್ತಗೆ ಹಿಡಿದಳು, ಅದು ಜಾರಿ ಕೆಳಗೆ ಬಿತ್ತು. ಅಮ್ಮನ ಮುಖ ಬಾಡಿತು. ಕೈಗೆ ಗೊತ್ತು ಅನ್ನುತ್ತಿದ್ದಳಲ್ಲ, ಆ ಕೈಗೆ ಈಗ ಏನೂ ಗೊತ್ತಿರಲಿಲ್ಲ. ಶಕ್ತಿ ಇದೆ, ಎಷ್ಟು ಹಾಕಬೇಕು ಎಂಬ ಅಳತೆಯನ್ನು ಮೆದುಳು ಕಳೆದುಕೊಂಡಿದೆ ಎಂದು ಸೆಲ್ವಿ ತಮಿಳಿನಲ್ಲಿ ನನಗೂ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ಕೈಗೆ ಹಿಡಿ ಎಂಬ ಮಾತು ಹೇಗೋ ತಲುಪುತ್ತದೆ, ಸಾಕು ಬಿಡು ಎಂಬುದು ತಲುಪುವುದಿಲ್ಲ.

“ಪಿಡಿಕ್ಕಿರದು ಈಸಿ ಮಾ. ವಿಡರದುದಾನ್ ಕಷ್ಟಂ,” ಅಂದಳು. ಹಿಡಿಯುವುದು ಸುಲಭವಮ್ಮಾ, ಬಿಡುವುದೇ ಕಷ್ಟ.

ಮುಷ್ಟಿ ಬಿಗಿದಾಗ ಬೆರಳುಗಳನ್ನು ಎಂದೂ ಎಳೆಯಬಾರದು, ಎಳೆದರೆ ಇನ್ನೂ ಬಿಗಿಯುತ್ತದೆ. ಮಣಿಕಟ್ಟನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿ, ಹೆಬ್ಬೆರಳನ್ನು ಮೊದಲು ಹೊರತೆಗೆದರೆ ಉಳಿದ ಬೆರಳುಗಳು ಸಡಿಲುತ್ತವೆ. ಇದನ್ನು ನನ್ನಿಂದಲೇ ಮಾಡಿಸಿ ಕಲಿಸಿದಳು. ಅಮ್ಮನ ಬೆರಳುಗಳು ನನ್ನ ಕಣ್ಣೆದುರು ಒಂದೊಂದಾಗಿ ಅರಳಿದವು. ಅವತ್ತು ಆಟೋದಲ್ಲಿ ನನಗೆ ಎಂಥ ಜಂಬ! ಇವತ್ತಿಗೂ ಯಾರಾದರೂ ಕೈ ಕುಲುಕಿದರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಹೆಬ್ಬೆರಳಿಗೆ. ಮನೆಗೆ ಬಂದು ಆಯಿಗೆ ಹೇಳಿದೆ, ಅದೂ ಕನ್ನಡದಲ್ಲೇ ಹೇಳಿದೆ. ‘ಆಸ್ಪತ್ರಿಯಾಗ ಬಾಗಿಸು, ಪೂಜಿಯಾಗ ಮುಟ್ಟಿದ್ರ ಕೈ ಮುರಿದೇನು’ ಅಂದಳು.

ಅಮ್ಮನನ್ನೇ ಕೇಳಿದೆ, ನೀನು ಯಾಕೆ ಆಯಿಗೆ ಹೇಳುವುದಿಲ್ಲ ಎಂದು. ಅವಳು ಹಿತ್ತಲಿನ ಬಚ್ಚಲ ಕಟ್ಟೆಯ ಮೇಲೆ ಕೂತಿದ್ದಳು, ನಾನು ಅವಳ ಅಂಗೈಗೆ ಎಣ್ಣೆ ಹಚ್ಚುತ್ತಿದ್ದೆ. ಅಂಗೈಯಲ್ಲಿ ಅವಳ ಉಗುರುಗಳೇ ಊರಿದ ಕೆಂಪು ಗುರುತುಗಳು.

“ಅತ್ತಿ ಅತ್ತದ್ದು ನೋಡಿದಿಲ್ಲ ನೀ? ಈಗ ನಗಾಕತ್ತಾರ. ನಾ ಏನಂತ ಹೇಳಲಿ?” ಅಂದಳು. ಆಮೇಲೆ ನನ್ನ ಹೆಸರು ಹಿಡಿದು, “ಶೈಲೀ, ಒಂದೊಂದು ಸಲ ನನಗೂ ಹಂಗ ಅನಸತೈತಿ. ನಾ ಅದನ್ನ ಹಿಡದೇನೋ, ಅದು ನನ್ನ ಹಿಡದೈತೋ ತಿಳಿಯಂಗಿಲ್ಲ,” ಅಂದಳು.

ಅದನ್ನು ಕೇಳಿ ನನಗೆ ಭಯವಾಯಿತು. ಎಲ್ಲರೂ ನಂಬಿದರೆ ನಂಬಲಿ, ಅಮ್ಮನೂ ನಂಬಿಬಿಟ್ಟರೆ ಅವಳು ಒಂದು ದಿನ ಗೋಡೆಗೊರಗಿ ಕಾಯುತ್ತಲೇ ವಾಲಿಬಿಡುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ಶಾಲೆಯಲ್ಲಿ ಕೂತರೂ ಕಿವಿ ಮನೆಯ ಕಡೆಗೇ. ಯಾರಾದರೂ ನನ್ನನ್ನು ಕರೆಯಲು ಬಂದರೆ ಸಾಕು, ಕೇಳುವ ಮೊದಲೇ ಚೀಲ ಹೆಗಲಿಗೇರಿಸುತ್ತಿದ್ದೆ.

ಕೊಪ್ಪಳದ ಕಡೆಯ ಒಬ್ಬ ಹೆಂಗಸು ಬಂದದ್ದು ಒಂದು ರಜೆಯ ದಿನ. ಅವಳ ಮಗುವಿನ ಹೃದಯದಲ್ಲಿ ರಂಧ್ರವಿತ್ತು. ಆಪರೇಷನ್ನಿಗೆ ಕಾಯುತ್ತ ನಮ್ಮ ಬೀದಿಯ ಕೊನೆಯ ಲಾಡ್ಜಿನಲ್ಲಿದ್ದರು. ಅತ್ತರೆ ತುಟಿ ನೀಲಿಗಟ್ಟುವ, ಕಡ್ಡಿಯಂಥ ಕೈಕಾಲಿನ ಕೂಸು. ಅಂದು ಅಮ್ಮನ ಮುಷ್ಟಿ ಎಂದಿಗಿಂತ ತುಸು ಬೇಗ ಬಿಚ್ಚಿತ್ತು. ಆಯಿ ಲಿಂಗವನ್ನು ತೆಗೆದು, ವಸ್ತ್ರದಲ್ಲಿ ಸುತ್ತಿ ಅಮ್ಮನ ಕೊರಳಿಗೆ ಕಟ್ಟುತ್ತಿದ್ದಳು. ಬಾಗಿಲಲ್ಲಿ ಜನ ಕೈಮುಗಿದು ನಿಂತಿದ್ದರು. ಆ ಹೆಂಗಸು ಮುಂದೆ ಬಂದು ಕೂತು, ಇನ್ನೂ ತೆರೆದೇ ಇದ್ದ ಅಮ್ಮನ ಅಂಗೈಯೊಳಗೆ ತನ್ನ ಕೂಸಿನ ಕೈ ಇಟ್ಟುಬಿಟ್ಟಳು.

ಅಮ್ಮನ ಕೈ ಮುಚ್ಚಿಕೊಂಡಿತು.

ಕೂಸು ಮೊದಲು ಬೆರಗಾಗಿ ನೋಡಿತು, ಆಮೇಲೆ ಕಿರುಚಿತು. ಅಮ್ಮ ಬಿಡಲು ನೋಡಿದಳು. ಅವಳು ಬಿಡಲು ನೋಡಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು, ಕಪ್ಪು ನುಜ್ಜಾದದ್ದನ್ನು ನೋಡಿದ್ದೆನಲ್ಲ.

“ಹಿಡಕೋರಿ ತಾಯಿ, ಬಿಡಬ್ಯಾಡ್ರಿ! ನಿಮ್ಮ ಶಕ್ತಿ ನಮ್ಮ ಕೂಸಿನ ಮ್ಯಾಲ ಇಳೀಲಿ!” ಎಂದು ಆ ತಾಯಿ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಬಾಗಿಲಲ್ಲಿದ್ದವರು ಹರಹರ ಅಂದರು. ಆಯಿಯೂ ಅಂದಳು.

“ಬಿಡಸ್ರೀ!” ಅಮ್ಮ ಕೂಗಿದಳು. “ಯಾರಾರ ಬಿಡಸ್ರೀ ಇದನ್ನ! ನನಗ ಬಿಡಾಕ ಬರವಲ್ದು!”

ಯಾರೂ ಅಲುಗಲಿಲ್ಲ. ಕೂಸಿನ ತುಟಿ ನೀಲಿಯಾಗುತ್ತಿತ್ತು. ನಾನು ಆಯಿಯ ಕಾಲ ಮೇಲೆ ಕಾಲಿಟ್ಟುಕೊಂಡೇ ನುಗ್ಗಿದೆ. ಅಮ್ಮನ ಮಣಿಕಟ್ಟು ಹಿಡಿದು ಕೆಳಕ್ಕೆ ಬಾಗಿಸಿದೆ, ಹೆಬ್ಬೆರಳು ಹೊರಗೆ ತಂದೆ. ಗಾಬರಿಗೆ ಕೈ ಬೆವರಿ ಒಂದು ಸಲ ಜಾರಿತು. ಎರಡನೆಯ ಸಲಕ್ಕೆ ಬೆರಳುಗಳು ಸಡಿಲಿದವು. ಕೂಸಿನ ಬೆರಳುಗಳು ಸುಣ್ಣದಂತೆ ಬಿಳಿಚಿಕೊಂಡು, ಆಮೇಲೆ ಕೆಂಪಾದವು. ಮುರಿದಿರಲಿಲ್ಲ. ಅದರ ತಾಯಿ ಅದನ್ನು ಎದೆಗವುಚಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು, ನಾನು ಏನೋ ಕಸಿದುಕೊಂಡೆ ಎಂಬಂತೆ. ಅಮ್ಮ ಬಲಗೈಯಿಂದ ತನ್ನ ಎಡಗೈಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

“ಇದು ಶಿವ ಅಲ್ಲ. ಲಕ್ವಾ,” ಅಂದಳು. “ನನಗ ಏನೂ ಶಕ್ತಿ ಇಲ್ಲ. ಕೈ ಬಿಚ್ಚಾಕ ಬರಂಗಿಲ್ಲ, ಅಷ್ಟ. ನೀವು ಇಲ್ಲಿಗೆ ಬರಬ್ಯಾಡ್ರಿ, ದವಾಖಾನಿಗೆ ಹೋಗ್ರಿ.”

ಅವಳು ಅಷ್ಟು ಜನರ ಮುಂದೆ ಮಾತಾಡಿದ್ದು ಅದೊಂದೇ ಸಲ. ಒಬ್ಬೊಬ್ಬರಾಗಿ ಸರಿದರು. ಕೂಸಿನ ತಾಯಿ ಮಾತ್ರ ಏಳಲಿಲ್ಲ. “ಹಂಗಾರ ನಮ್ಮ ಕೂಸಿಗೆ…” ಎಂದು ಅರ್ಧಕ್ಕೇ ನಿಲ್ಲಿಸಿ ಅಳತೊಡಗಿದಳು. ಅಮ್ಮ ತನ್ನ ಬಲಗೈಯನ್ನು ಆ ಕೂಸಿನ ತಲೆಯ ಮೇಲೆ ಇಟ್ಟಳು. “ಈ ಕೈ ನನ್ನ ಮಾತು ಕೇಳತೈತಿ. ಇದರಿಂದ ಹರಸತೀನಿ. ಆದರ ಆಪರೇಶನ್ ಮಾಡಸು ಯವ್ವಾ,” ಅಂದಳು. ಆಪರೇಷನ್ ಮಾಡಿಸಿದರೋ, ಕೂಸು ಏನಾಯಿತೋ ನಮಗೆ ತಿಳಿಯಲಿಲ್ಲ. ಅವರು ಮತ್ತೆ ನಮ್ಮಲ್ಲಿ ಉಣ್ಣಲು ಬರಲಿಲ್ಲ.

ಆ ಸಂಜೆ ಅಪ್ಪ ಯಾರನ್ನೂ ಕೇಳದೆ ಅಡಿಗೆಮನೆಯ ಬಾಗಿಲಿಗೆ ಪರದೆ ಹಾಕಿದ. ಆಯಿ ನನ್ನನ್ನು ಬೈಯಲಿಲ್ಲ, ಕಾಲು ತುಳಿದದ್ದಕ್ಕೂ ಬೈಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಮ್ಮನ ಪಕ್ಕದಲ್ಲಿ ಕೂತು, ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಬೆಳಕಿಗೆ ಹಿಡಿದು ನೋಡಿದಳು. ಉಗುರಿನ ಗುರುತುಗಳ ಮೇಲೆ ತನ್ನ ಬೆರಳಾಡಿಸಿದಳು. ಇಷ್ಟು ದಿನ ಆ ಅಂಗೈಗೆ ಲಿಂಗ ಇಟ್ಟು ತೆಗೆದವಳು ಅವಳೇ, ಅಂಗೈಯನ್ನೇ ನೋಡಿದ್ದು ಅಂದು.

“ನೋಯತಿತ್ತೇನು?” ಎಂದು ಕೇಳಿದಳು.

“ಹೂಂನ್ರಿ ಅತ್ತಿ.”

“ದಿನಾ?”

ಅಮ್ಮ ಸೆರಗಿನ ತುದಿಯನ್ನು ಅಂಗೈಯ ಮೇಲೆ ಎಳೆದುಕೊಂಡಳು. ಅಂಥ ಅತ್ತೆಯರಿಗೆ ಸೊಸೆಯರು ಎಲ್ಲಕ್ಕೂ ಉತ್ತರ ಕೊಡುವ ಕಾಲ ಇನ್ನೂ ಬಂದಿರಲಿಲ್ಲ. ಆಯಿ ಎದ್ದು ಹೋದಳು.

ಮರುದಿನ ಮುಂಜಾನೆ ಅಮ್ಮ ಸ್ನಾನ ಮಾಡಿ ಬಂದು, ಪೂಜೆಯ ಮಣೆಯ ಮೇಲೆ ಕೂರದೆ, ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಳು. ಬಲಗೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಅತ್ತಿ, ನನಗ ಹಸಿವ್ಯಾಗೈತಿ,” ಅಂದಳು. “ಮೊದ್ಲ ಉಣತೀನಿ, ಗುಳಿಗಿ ತಗೋತೀನಿ. ಆಮ್ಯಾಲ ಪೂಜಿ. ಕೈ ಎಷ್ಟ ಹೊತ್ತಾದ್ರೂ ತಗೊಳ್ಳಲಿ.”

ಅಪ್ಪ ಗಲ್ಲೆಯಿಂದ ಎದ್ದು ನಿಂತದ್ದು ಪರದೆಯಾಚೆ ನೆರಳಾಗಿ ಕಂಡಿತು. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಆಯಿ ಆಗತಾನೆ ಸ್ನಾನ ಮುಗಿಸಿ ಬಂದಿದ್ದಳು. ಒದ್ದೆ ಕೂದಲು ಬೆನ್ನ ಮೇಲಿತ್ತು. ಯಾವಾಗಲೂ ಬೆಳಕು ಹರಿಯುವ ಮುಂಚೆ ಪೂಜೆ ಮುಗಿಸುವವಳು ಅಂದು ಯಾಕೋ ತಡಮಾಡಿದ್ದಳು, ಕೊರಳಲ್ಲಿನ ಲಿಂಗವನ್ನು ಇನ್ನೂ ಬಿಚ್ಚಿರಲಿಲ್ಲ. ಅವಳು ಅಮ್ಮನನ್ನು ಮೇಲಿನಿಂದ ಕೆಳಗೆ ನೋಡಿದಳು. ಬೈಗುಳ ಬರುತ್ತದೆಂದು ನಾನು ಅಮ್ಮನ ಪಕ್ಕಕ್ಕೆ ಸರಿದೆ. ಅವಳು ಹೆಡಿಗೆಯಿಂದ ಒಂದು ರೊಟ್ಟಿ ತೆಗೆದಳು, ತಾಟಿಗೆ ಪುಂಡಿಪಲ್ಯ ಹಾಕಿದಳು, ನೆಲದ ಮೇಲೆ ಇಟ್ಟಳು. ಅಮ್ಮ ಕಾಲು ಎಳೆದುಕೊಂಡು ಬಂದು ಕೂತು ಬಲಗೈ ಚಾಚಿದಳು.

“ತಡಿ,” ಅಂದಳು ಆಯಿ.

ಅಮ್ಮನ ಕೈ ಅಲ್ಲೇ ನಿಂತಿತು. ಆಯಿ ಅವಳ ಎದುರು ಕೂತು, ಅದೇ ತಾಟಿನ ರೊಟ್ಟಿಯಿಂದ ಒಂದು ತುಣುಕು ಮುರಿದು, ಪಲ್ಯದಲ್ಲಿ ಒತ್ತಿ, ತನ್ನ ಬಾಯಿಗೆ ಇಟ್ಟುಕೊಂಡಳು.

“ಪಾಪ ಇದ್ರ ಮೊದ್ಲ ಹಿರೇರಿಗೆ ಬರಲಿ,” ಅಂದಳು. “ಈಗ ನೀ ಉಣ್ಣು.”

ಅಮ್ಮ ಉಂಡಳು. ಆಯಿ ಆ ಒಂದು ತುತ್ತನ್ನು ಬಹಳ ಹೊತ್ತು ಅಗಿಯುತ್ತಿದ್ದಳು. ಹುಟ್ಟಿದಾಗಿನಿಂದ ಪೂಜೆಗೆ ಮೊದಲು ಏನನ್ನೂ ನುಂಗಿ ಗೊತ್ತಿಲ್ಲದ ಗಂಟಲಿನಲ್ಲಿ ಅದು ಇಳಿಯಲಿಲ್ಲ. ಕಣ್ಣಲ್ಲಿ ನೀರು ಬಂದಿತು. ನನ್ನ ಕಡೆ ತಿರುಗಿ ಕೈಸನ್ನೆಯಿಂದ ನೀರು ಕೇಳಿದಳು. ನಾನು ತಂಬಿಗೆ ಕೊಟ್ಟೆ. ಅವಳು ಅದನ್ನೂ ಕುಡಿದಳು.